ಸುತ್ತು ಹಾಕದೆ ಹೋದ ಚುಕ್ಕಿ

ಬಂದರಿನವರು ಅವಳಿಗಿಟ್ಟ ಹೆಸರು ಚುಕ್ಕಿಯಕ್ಕ. ಮರಿಮೀನು ಬೆಳೆಯಲೆಂದು ಬಲೆ ನಿಷೇಧಿಸಿದ ಕಡಲಿಗೆ ಯಾವ ದೋಣಿ ನುಗ್ಗುತ್ತದೆಂದು ಉಪಗ್ರಹದ ಮೂಲಕ ನೋಡುತ್ತಿರುವುದು ಅವಳ ಕೆಲಸ. ಪ್ರತಿ ದೋಣಿಯಲ್ಲೂ ಒಂದು ಪೆಟ್ಟಿಗೆ; ಅದು ಕಳಿಸುವ ಸಂಕೇತ ಅವಳ ಪರದೆಯ ಮೇಲೊಂದು ಚುಕ್ಕಿ. ಕೋಣೆಯಲ್ಲಿ ಅವಳೊಬ್ಬಳೇ, ಜೊತೆಗೆ ಗುರ್ರೆನ್ನುವ ಫ್ಯಾನು. ಅದಾದರೂ ಸದ್ದು ಮಾಡುತ್ತದಲ್ಲ, ಅಣ್ಣನಿಗಿಂತ ವಾಸಿ.

ಈ ಕೆಲಸಕ್ಕೆ ಸೇರಿದ ದಿನವೇ ಅಣ್ಣ, "ನಮ್ಮ ಮೇಲೆ ಕಣ್ಣಿಡೋಕೆ ಸಂಬಳ ತಗೋತೀಯಾ? ಇನ್ನು ನನ್ನ ಮನೆ ಮೆಟ್ಟಿಲು ತುಳೀಬೇಡ" ಎಂದಿದ್ದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಆದರೆ ಪರದೆಯಲ್ಲಿ ಅವನ ದೋಣಿಯ ಚುಕ್ಕಿ ಇತ್ತು. ಅದು ಹೊರಟರೆ ಅಣ್ಣ ಎದ್ದ. ನಿಂತರೆ ಊಟಕ್ಕೆ ಕೂತ. ಅಪ್ಪ ಮುಳುಗಿದ ಜಾಗ ಬಂದಾಗ ಅದು ತಪ್ಪದೆ ಒಂದು ಸುತ್ತು ಹಾಕುತ್ತಿತ್ತು. ಆಗ ಇವಳೂ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದಳು. ಅಣ್ಣ ತಂಗಿ ಒಟ್ಟಿಗಿರುತ್ತಿದ್ದುದು ಅಷ್ಟೇ ಹೊತ್ತು.

ಅವತ್ತು ಬೆಳಿಗ್ಗೆ ಚುಕ್ಕಿ ಸುತ್ತು ಹಾಕದೆ ನೆಟ್ಟಗೆ ಹೋಗಿಬಿಟ್ಟಿತು. ಅಣ್ಣ ಜಗಳಗಂಟ, ಹಟಮಾರಿ, ಎಲ್ಲ ಸರಿ, ಅಪ್ಪನನ್ನು ಮರೆಯುವವನಲ್ಲ. ಅಂದರೆ ಅವನ ಪೆಟ್ಟಿಗೆ ಬೇರೆ ಯಾರದೋ ದೋಣಿಯಲ್ಲಿದೆ. ಕೇಳಿದರೆ ಮಾತ್ರ ಬರುವ ಉಪಗ್ರಹದ ಚಿತ್ರ ತರಿಸಿ ನೋಡಿದಳು. ನಿಷೇಧದ ನೀರಿನ ನಟ್ಟನಡುವೆ, ಚುಕ್ಕಿಯೇ ಇಲ್ಲದ ಒಂದು ದೋಣಿ.

ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಫೋನೆತ್ತಿದಳು, ಇಟ್ಟಳು. ಹೋದ ವಾರ ಪಕ್ಕದ ಮನೆಯವನ ದೋಣಿ ಹಿಡಿಸುವಾಗ ಇಲ್ಲದ ಕರುಣೆ ಈಗೆಲ್ಲಿಂದ ಬಂತು ಮಹಾರಾಯ್ತಿ ಎಂದು ತನ್ನನ್ನೇ ಬೈದುಕೊಂಡು ಮತ್ತೆ ಎತ್ತಿದಳು.

"ಯಾರ ದೋಣಿ ಅಂತ ಗೊತ್ತಾ?" ಗಸ್ತಿನವನು ಕೇಳಿದ.

"ನಮ್ಮಣ್ಣಂದು. ಎಳೆದಾಡಬೇಡಿ, ಅವನಿಗೆ ಮೊಣಕಾಲು ನೋವು."

ದೋಣಿ ಸಿಕ್ಕಿತು, ಪರವಾನಗಿ ರದ್ದಾಯಿತು. ಅಣ್ಣನ ಚುಕ್ಕಿಯನ್ನು ಪರದೆಯಿಂದ ಅಳಿಸಿದವಳೂ ಅವಳೇ; ಅದೂ ಅವಳ ಕೆಲಸವೇ ತಾನೆ.

ಅಣ್ಣನ ಮನೆ ಕಚೇರಿಯ ಹಿಂದಿನ ಬೀದಿಯಲ್ಲೇ ಇದೆ. ಅವನು ನಡುಗಡಲಲ್ಲಿದ್ದಾಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಲ್ಲ ಗೊತ್ತಾಗುತ್ತಿತ್ತು. ಈಗ ಉಂಡನೋ ಇಲ್ಲವೋ, ಅದೂ ತಿಳಿಯದು. ಬೆಳಿಗ್ಗೆ ಅಪ್ಪನ ಜಾಗಕ್ಕೆ ಚುಕ್ಕಿ ಬರುತ್ತಿದ್ದ ಹೊತ್ತಿಗೆ ಅವಳು ಇವತ್ತಿಗೂ ಎದ್ದು ನಿಲ್ಲುತ್ತಾಳೆ. ಪರದೆಯ ಮೇಲೆ ಅಲ್ಲಿ ಬರೀ ನೀರು.