ಬೀಗ ಹಾಕಿದ ಅಂಗಡಿಯ ಪುಟ

ಶಹಾಬಜಾರದಲ್ಲಿ ವೆಬ್‌ಸೈಟು ಮಾಡಿಕೊಡುವ ನನ್ನ ಕಂಪ್ಯೂಟರಿನಲ್ಲಿ, ಒಂದು ಹಣ್ಣಿನಂಗಡಿಯ ವೆಬ್‌ಸೈಟಿನ ಮೇಲೆ, ಅದರ ಮಾಲೀಕರ ಹಾರ ಹಾಕಿದ ಫೋಟೊ. ಎದುರು ಕುಳಿತಿದ್ದ ಶರಣಮ್ಮನ ಮೊಬೈಲಿನಲ್ಲಿ ಅದೇ ವೆಬ್‌ಸೈಟು, ಇವತ್ತಿನದೇ ತಾರೀಖು, ಕೆಳಗೆ 'ಅಂಗಡ್ಯಾಗೇ ಅದೀನಿ, ಬರ್ರಿ' ಎಂಬ ಸಾಲು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಆಕೆಯ ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು.

ತಪ್ಪು ನನ್ನದೇ. ಸೈಟಿಗೆ ಎರಡು ಇಂಟರ್‌ನೆಟ್ ವಿಳಾಸಗಳಿದ್ದವು: ಹಳೆಯದೊಂದು, ಐಪಿವಿ6 ಎಂಬ ಹೊಸದೊಂದು. ಸೈಟನ್ನು ಬೇರೆಡೆಗೆ ಸಾಗಿಸುವಾಗ ಹಳೆಯದನ್ನಷ್ಟೇ ಬದಲಿಸಿದ್ದೆ. ನನ್ನ ಕಂಪ್ಯೂಟರ್ ಹಳೆಯ ವಿಳಾಸ ಹಿಡಿದಿತ್ತು; ಶರಣಮ್ಮನ ಮೊಬೈಲು ಹಿಡಿದ ಹೊಸದು ಇನ್ನೂ ಆಕೆಯ ಅಪ್ಪನ ಅಂಗಡಿಯ ಕಂಪ್ಯೂಟರಿಗೇ ಹೋಗುತ್ತಿತ್ತು. ಅದು ದಿನವೂ ತಾನೇ ತಾರೀಖು ಬದಲಿಸುತ್ತಿತ್ತು.

"ಅಪ್ಪ ಹೋದ ಮ್ಯಾಲ ಅಂಗಡಿಗಿ ಬೀಗ ಹಾಕೀವ್ರಿ. ಒಳಗ ಯಾರೂ ಕಾಲಿಟ್ಟಿಲ್ರಿ," ಅಂದಳು.

ಸಂಜೆ ಕಮಲಾಪುರಕ್ಕೆ ಹೋದೆವು. ಬೀಗ ತೆಗೆಯುವ ಮೊದಲು ಶರಣಮ್ಮ ಶಟರ್ ತಟ್ಟಿದಳು, ತುಸು ಕಾದಳು. ಒಳಗೆ ಕತ್ತಲಲ್ಲಿ ಕಂಪ್ಯೂಟರ್ ಗುಂಯ್ ಎನ್ನುತ್ತಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ಅದನ್ನು ಬಂದ್ ಮಾಡಿ, ಹೊಸ ವಿಳಾಸವನ್ನೂ ಬದಲಿಸಿದೆ. ಈಗ ಎರಡೂ ವಿಳಾಸಗಳಲ್ಲಿ ಹಾರದ ಫೋಟೊವೇ ಬರುತ್ತದೆ. ಆದರೆ ಯಾರದೇ ಹಳೆಯ ಕಂಪ್ಯೂಟರ್ ಬಂದ್ ಮಾಡುವ ಮೊದಲು ನಾನೂ ಒಮ್ಮೆ ತಟ್ಟಿ, ತುಸು ಕಾಯುತ್ತೇನೆ.