ಚಿನ್ನುವಿನ ಬಾಚಿಹಲ್ಲು

ಗಂಜಾಂನ ನಂಜಪ್ಪನ ಮಗಳು ರಂಜಿತಾಗೆ ಹಲ್ಲಿನ ಡಾಕ್ಟರಾಗುವ ಹುಚ್ಚು ಹಿಡಿದದ್ದು ಅವಳ ಅಜ್ಜಿಯ ದವಡೆ ಊದಿಕೊಂಡ ವರ್ಷ. ಮೈಸೂರಿನ ಡಾಕ್ಟರಮ್ಮ ದೀಪ ತಗ್ಗಿಸಿ, "ಆ ಅನ್ನಿ ಅಜ್ಜಿ" ಎಂದು ಅದೇನು ಮಾಯ ಮಾಡಿದರೋ, ವಾರವೆಲ್ಲ ಗೋಳಾಡಿದ್ದ ಮುದುಕಿ ವಾಪಸು ಬರುವಾಗ ಬಸ್ಸಿನಲ್ಲೇ ಗೊರಕೆ ಹೊಡೆದಳು. ಅಲ್ಲಿಂದಾಚೆಗೆ ಈ ಹುಡುಗಿಯ ಕಾಲು ನೆಲದ ಮೇಲೆ ನಿಂತದ್ದು ಕಡಿಮೆ.

ತೊಂಬತ್ತಾರರಲ್ಲಿ ಅವಳದು ಸೆಕೆಂಡ್ ಪಿಯುಸಿ, ಅದು ಮುಗಿದರೆ ಸಿಇಟಿ. ಕಾಲೇಜಿನಿಂದ ಬಂದವಳೇ ಪುಸ್ತಕ ಹಿಡಿದು ಹೊಳೆಯ ಮೆಟ್ಟಿಲ ಮೇಲೆ ಕೂರುವಳು. ಭೌತಶಾಸ್ತ್ರದ ಲೆಕ್ಕ ಅರ್ಧಕ್ಕೇ ನಿಂತು ಕಣ್ಣು ನೀರಿಗೆ ಜಾರುವುದು. ಸಂಜೆಬಿಸಿಲಿನಲ್ಲಿ ತಳದ ಬೆಣಚುಕಲ್ಲುಗಳು ಸಾಲುಗಟ್ಟಿ ಬಾಚಿ, ಕೋರೆ, ದವಡೆಗಳಾಗಿ ಹೊಳೆಯುವುವು. ಕಾವೇರಿಯೇ ಬಾಯಿ ತೆರೆದು ತನ್ನೆದುರು ಮಲಗಿದ್ದಾಳೆ ಅನ್ನಿಸುವುದು.

ಓದಿನ ಭಯ ಅವಳಿಗಿರಲಿಲ್ಲ. ಇದ್ದದ್ದು ಎಂಜಲಿನ ಭಯ. ಇನ್ನೊಬ್ಬರು ತುಟಿ ಇಟ್ಟ ಲೋಟವನ್ನು ಅವಳು ಬೂದಿ ಹಾಕಿ ತಿಕ್ಕದೆ ಮುಟ್ಟಿದವಳೇ ಅಲ್ಲ. ಒಮ್ಮೆ ಧೈರ್ಯ ಮಾಡಿ ಅಜ್ಜಿಯ ಬಾಯಿಗೆ ಬೆರಳಿಡಲು ಹೋದವಳು ಹಿತ್ತಲಿಗೆ ಓಡಿ ಬೂದಿ ಹಾಕಿ ಕೈ ತಿಕ್ಕಿಕೊಂಡಿದ್ದಳು. ಎಂಜಲು ಕಂಡರೆ ಹೇಸುವವಳು ಹಲ್ಲಿನ ಡಾಕ್ಟರಾಗುವುದುಂಟೆ? ಸೀಟು ಸಿಕ್ಕಿದರೂ ಬಿಟ್ಟು ಬರಬೇಕಾದೀತೆಂದು ಪಾಪ, ಒಳಗೊಳಗೇ ಕುಗ್ಗುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಪಕ್ಕದ ಮನೆಯ ಮಂಚಮ್ಮನ ಮಗಳು ಚಿನ್ನುವಿನ ಮುಂದಿನ ಹಾಲುಹಲ್ಲು ಬಿತ್ತು. ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯಬೇಕು, ಇಲ್ಲದಿದ್ದರೆ ಹೊಸದು ಹುಟ್ಟುವುದಿಲ್ಲ. ರಂಜಿತಾ ಅದನ್ನು ಎಸೆಯಗೊಡದೆ ಇಸಕೊಂಡು ಬಂದಳು. ಅದನ್ನು ಮುಂದಿಟ್ಟುಕೊಂಡು ಬಟ್ಟೆ ಸೋಪಿನಲ್ಲಿ ಹೆಬ್ಬೆರಳುದ್ದದ ಹಲ್ಲು ಕೆತ್ತುತ್ತಾ ಲೋಕವನ್ನೇ ಮರೆತಳು.

ಯುಗಾದಿ ಕಳೆದರೂ ಚಿನ್ನುವಿಗೆ ಹಲ್ಲು ಬರಲಿಲ್ಲ. ಮಂಚಮ್ಮ ಮಗಳನ್ನು ಎಳೆದುಕೊಂಡೇ ಬಂದಳು.

"ಏನವ್ವಾ ರಂಜಿತಾ, ನನ್ ಮಗೀನ ಬೊಚ್ಚುಬಾಯಿ ಮಾಡ್ಬುಟ್ಟಲ್ಲ! ನಾಳೆ ಇವಳ್ನ ಯಾರ್ ಕಟ್ಕಂಡಾರು?"

"ಇಲ್ಲೇ ಅದೆ, ಈಗ್ಲೇ ಎಸ್ದುಬುಡಿ ಅತ್ತೆ."

"ಈಗೆಸುದ್ರೆ ಏನ್ ಬಂತು? ಒತ್ತು ಮೀರೋಯ್ತು, ಬುಡು."

ಚಿನ್ನು ಬಾಯಿ ಅಗಲಿಸಿ ಅತ್ತಿತು. "ನಂಗೆ ಹಲ್ಲೇ ಬರಾಕಿಲ್ವಾ ಅಕ್ಕಾ?"

ಆ ಅಳು ರಂಜಿತಾಳ ಕರುಳಿಗೇ ತಾಗಿತು. ಕೆಳಗೆ ಕೂತವಳು ಏನೊಂದೂ ಯೋಚಿಸದೆ ಮಗುವಿನ ಬಾಯೊಳಗೆ ಬೆರಳಿಟ್ಟಳು. ಬೆಚ್ಚಗೆ, ಜಿಗುಟಾಗಿ ಜೊಲ್ಲು ಸುತ್ತಿಕೊಂಡಿತು. ಒಸಡನ್ನು ಮೆಲ್ಲಗೆ ಒತ್ತಿದಳು. ಮಂಚಮ್ಮನ ಬೈಗುಳ ಎಲ್ಲೋ ಹೊಳೆಯಾಚೆಯಿಂದ ಕೇಳಿಸುವಂತಿತ್ತು. ಒದ್ದೆ ಮಣ್ಣಿನ ಕೆಳಗಿನ ಅವರೆಮೊಳಕೆಯ ಹಾಗೆ ಏನೋ ಗಟ್ಟಿಯಾದ ಅಂಚು ಬೆರಳಿಗೆ ತಾಗಿತು.

"ಅತ್ತೆ, ಒಳಗೇ ಅದೆ! ಬತ್ತಾ ಅದೆ ಅತ್ತೆ!"

ಮಂಚಮ್ಮ ನಂಬಲಿಲ್ಲ. ತಾನೂ ಬೆರಳು ಹಾಕಿ ನೋಡಿ, ಬೈಯಬೇಕೋ ನಗಬೇಕೋ ತಿಳಿಯದೆ ಸೆರಗಿನಿಂದ ಮಗಳ ಮೂಗು ಒರೆಸಿದಳು.

ಮೊಮ್ಮಗಳು ಈಗ ಹಿತ್ತಲಿಗೆ ಓಡುತ್ತಾಳೆಂದುಕೊಂಡ ಅಜ್ಜಿ ಚೊಂಬಿನಲ್ಲಿ ನೀರು ಹಿಡಿದು ಓಡಿಬಂದಳು. "ತಗಾ ಮಗಾ, ಬಿರ್ನೆ ಕೈ ತೊಳ್ಕೊ."

"ತಡಿಯಜ್ಜಿ," ಎಂದಳು ರಂಜಿತಾ, ಚಿನ್ನುವಿನ ಗದ್ದವನ್ನು ಮತ್ತೆ ಬೆಳಕಿಗೆ ಎತ್ತುತ್ತಾ. "ಪಕ್ಕದ್ದೂ ನೋಡ್ಬುಟ್ಟು ತೊಳ್ಕತೀನಿ."