ಅಕ್ಕ ಅಳಿಸಿದ ಸಾಲು

ನಾನು ನಿಂತಿದ್ದು ವೈಟ್‌ಫೀಲ್ಡಿನ ಆಚೆಗಿದ್ದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಕೊನೆಯ ಕುರ್ಚಿಯ ಹಿಂದೆ. ಲ್ಯಾಬ್ ಪರೀಕ್ಷೆಯ ದಿನ, ಊಟದ ಬಿಡುವು ಮುಗಿದ ಹೊತ್ತು. ನನ್ನ ಸರದಿ ಇನ್ನೂ ಬಂದಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದವರು ನನ್ನ ಲ್ಯಾಬ್ ಜೊತೆಗಾರ್ತಿ. ದಾವಣಗೆರೆ ಕಡೆಯವರು, ಮಗಳು ಶಾಲೆಗೆ ಸೇರಿದ ಮೇಲೆ ನಿಂತ ಓದನ್ನು ಮತ್ತೆ ಹಿಡಿದವರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಇದೊಂದು ವಿಷಯದಲ್ಲಿ ಹಿಂದಿನ ವರ್ಷ ಫೇಲಾಗಿದ್ದರು. ಈ ಸಲವೂ ಹಾಗೇ ಆದರೆ ಓದು ಅಲ್ಲಿಗೆ ಸಾಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಆ ಪಾಠವೇ ಒಂದು ಬಗೆಯ ಮಂಪರಿನದು. ಅಲ್ಲಿಯವರೆಗೆ ನಾವು ಬರೆದ ಪ್ರೋಗ್ರಾಂಗಳು ಒಂದಾದ ಮೇಲೆ ಒಂದು ಕೆಲಸ ಮಾಡುತ್ತಿದ್ದವು. ಇಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತಿದ್ದವು; ಯಾವುದು ಮೊದಲು ಎಂದು ಯಾರೂ ಹೇಳುವಂತಿರಲಿಲ್ಲ. ಓದಲು ಕೊಟ್ಟ ಹಾಳೆಗಳನ್ನು ಬಸ್ಸಿನಲ್ಲಿ ಓದುತ್ತಾ ನಿದ್ದೆ ಹೋಗುತ್ತೇನೆ, ನಿದ್ದೆಯಲ್ಲೂ ಅದನ್ನೇ ಓದುತ್ತಿರುತ್ತೇನೆ ಎಂದು ಅಕ್ಕ ನಗುತ್ತಿದ್ದರು.

ನಮ್ಮ ಪ್ರೋಗ್ರಾಂನಲ್ಲಿ ಎರಡು ಕಂಪನಿ ಬಸ್ಸುಗಳಿದ್ದವು. ಒಂದು ಕೆಲಸ ಮೊದಲ ಬಸ್ಸಿನಿಂದ ಎರಡನೆಯದಕ್ಕೆ ಪ್ರಯಾಣಿಕರನ್ನು ದಾಟಿಸಬೇಕು, ಇನ್ನೊಂದು ಅಲ್ಲಿಂದ ಇಲ್ಲಿಗೆ. ದಾಟಿಸುವಾಗ ನಡುವೆ ಬೇರೆ ಯಾರೂ ಕೈಹಾಕದಂತೆ ಎರಡೂ ಬಸ್ಸುಗಳನ್ನು ಹಿಡಿದುಕೊಳ್ಳಬೇಕು. ಅದು ಒಮ್ಮೆ ಓಡುತ್ತಿತ್ತು, ಒಮ್ಮೆ ಸುಮ್ಮನೆ ನಿಂತುಬಿಡುತ್ತಿತ್ತು. ಎಲ್ಲಿ ನಿಲ್ಲುತ್ತದೆಂದು ನೋಡಲು ಅಕ್ಕ ನಡುವೆ ಒಂದು ಸಾಲು ಸೇರಿಸಿದರು: 'ಇಲ್ಲಿಗೆ ಬಂದೆ' ಎಂದು ಪರದೆಯ ಮೇಲೆ ತೋರಿಸುವ ಸಾಲು. ಅಂದಿನಿಂದ ನಿಲ್ಲಲೇ ಇಲ್ಲ. ಯಾಕೆಂದು ತಿಳಿಯದೆ ಹಾಗೇ ಬಿಟ್ಟೆವು.

ಹೊರಗಿನಿಂದ ಬಂದಿದ್ದ ಪರೀಕ್ಷಕರು, ವಯಸ್ಸಾದವರು, ಆ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟರು.

"ಇದು ಯಾಕಮ್ಮ?"

"ನೋಡಾಕಂತ ಹಾಕಿದ್ದೆ ಸರ್."

"ನೋಡಾಯ್ತಲ್ಲ. ತೆಗೀರಿ."

ತೆಗೆದರು. ಓಡಿಸಿದರು. ಪರದೆ ನಿಂತಿತು.

ಕಿಟಕಿಯಾಚೆ ಗಾಜಿನ ಕಟ್ಟಡಗಳು ಬಿಸಿಲಿನಲ್ಲಿ ನೀರಿನಂತೆ ಅಲುಗುತ್ತಿದ್ದವು. ಒಳಗೆ ತಪ್ಪಿನ ಸೂಚನೆಯಿಲ್ಲ, ಸದ್ದಿಲ್ಲ. ಒಂದು ಕೆಲಸ ಮೊದಲ ಬಸ್ಸನ್ನು ಹಿಡಿದು ಎರಡನೆಯದಕ್ಕಾಗಿ ಕಾಯುತ್ತಿತ್ತು, ಇನ್ನೊಂದು ಎರಡನೆಯದನ್ನು ಹಿಡಿದು ಮೊದಲನೆಯದಕ್ಕಾಗಿ. ಯಾವುದೂ ಬಿಡುವುದಿಲ್ಲ. ಹೀಗಾಗುತ್ತದೆಂದು ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ನೋಡಲೆಂದು ನಾವು ಇಟ್ಟ ಸಾಲೇ ಒಂದು ಕೆಲಸವನ್ನು ಕ್ಷಣ ತಡೆದು, ನೋಡಬೇಕಾದದ್ದನ್ನು ಮರೆಮಾಡಿತ್ತು.

ಅಕ್ಕ ಕೀಬೋರ್ಡ್ ಮುಟ್ಟಲಿಲ್ಲ. ಬಹಳ ಹೊತ್ತು ಪರದೆಯನ್ನೇ ನೋಡಿದರು. ಲ್ಯಾಬಿನ ಮೇಡಂ ಹತ್ತಿರ ಬಂದು ನಿಂತರು. ಆ ಸಾಲನ್ನು ಮತ್ತೆ ಹಾಕು ಎಂದು ಅವರ ಕಣ್ಣು ಹೇಳಿದಂತೆ ನನಗನಿಸಿತು, ಖಚಿತವಾಗಿ ಹೇಳಲಾರೆ.

"ಇಬ್ರೂ ಮೊದಲ್ನೇ ಬಸ್ಸನ್ನೇ ಮೊದ್ಲು ಹಿಡೀಬೇಕ್ರಿ ಸರ್," ಎಂದರು ಅಕ್ಕ, ಆಗಷ್ಟೇ ನಿದ್ದೆಯಿಂದ ಎದ್ದವರ ದನಿಯಲ್ಲಿ. "ಅದು ಸಿಗ್ಲಿಲ್ಲಂದ್ರ ಎರಡನೇದನ್ನ ಮುಟ್ಟಂಗಿಲ್ಲ."

ಎರಡನೆಯ ಕೆಲಸದಲ್ಲಿ ಬಸ್ಸು ಹಿಡಿಯುವ ಎರಡು ಸಾಲುಗಳನ್ನು ಹಿಂದುಮುಂದು ಮಾಡಿ ಓಡಿಸಿದರು. ಮತ್ತೆ ಮತ್ತೆ ಓಡಿಸಿದರು. ನಿಲ್ಲಲಿಲ್ಲ. ಪರೀಕ್ಷಕರು ಸರಿಯೆಂಬಂತೆ ತಲೆಯಾಡಿಸಿ ನನ್ನನ್ನು ಕರೆದರು. ಅಕ್ಕ ಪಾಸಾದರು.

ಆ ಪರೀಕ್ಷಕರು ಈಗಿಲ್ಲ. ಪರದೆ ನಿಂತದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಉಳಿದವರು ಇಬ್ಬರು: ಈಗ ಸರ್ಜಾಪುರದಲ್ಲಿರುವ ಆ ಮೇಡಂ, ಮತ್ತು ಅಕ್ಕ.